ಅವ್ವನ ಪಾದಕ್ಕೆ ಬೆಚ್ಚನೆಯ ನೆಲ

ವಾಸ್ಕೋದಲ್ಲಿ ಚಳಿ ಅಂಥದ್ದೇನೂ ಇಲ್ಲ. ಜನವರಿಯ ಬೆಳಗಿನ ಜಾವದಲ್ಲೂ 20 ಡಿಗ್ರಿಯ ಆಸುಪಾಸು. ಆದರೂ ಮಳೆ ಹಿಡಿದರೆ ಸಾಕು, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಿಡಲು ಅವ್ವನಿಗೆ ಆಗುತ್ತಿರಲಿಲ್ಲ. ‘ನೆಲಾ ಕೊರೀತೈತಿ ತಮ್ಮಾ’ ಎನ್ನುತ್ತಿದ್ದಳು. ಗದಗದ ಒಣ ಹವೆಯಲ್ಲಿ, ಶಹಾಬಾದ್ ಫರಸಿಯ ಮೇಲೆ ಓಡಾಡಿಕೊಂಡಿದ್ದವಳು.

ಟೊರಾಂಟೊದಲ್ಲಿರುವ ತಂಗಿ ವಿಡಿಯೊ ಕಾಲ್‌ನಲ್ಲಿ ತನ್ನ ಬಚ್ಚಲುಮನೆ ತೋರಿಸಿದಳು. ಟೈಲ್ಸ್ ಕೆಳಗಿನ ಗಾರೆಯಲ್ಲಿ ಕರೆಂಟಿನ ಕೇಬಲ್, ಗೋಡೆಗೆ ಥರ್ಮೋಸ್ಟಾಟ್. ಟೈಲ್ಸ್ ಮರಕ್ಕಿಂತ ಹಲವು ಪಟ್ಟು ಬೇಗ ಶಾಖ ದಾಟಿಸುತ್ತದೆ, ಅದಕ್ಕೇ ಆ ಕೇಬಲ್‌ಗೆ ಅದು ಹೇಳಿ ಮಾಡಿಸಿದ ಜೋಡಿ. ಕೆಳಗೆ ಕೇಬಲ್ ಇಲ್ಲದಿದ್ದರೆ ಅದೇ ಗುಣ ಪಾದದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗೋವಾದಲ್ಲಿ ನೆಲ ಕಾಯಿಸುವುದು ಬೇಡ, ಮರದಂಥ ಹೊದಿಕೆ ಸಾಕು ಎಂದುಕೊಂಡೆ. ಆ ಅರ್ಧ ತಿಳಿವಳಿಕೆಯ ಮೇಲೆಯೇ ಏಪ್ರಿಲ್‌ನಲ್ಲಿ ಅವ್ವನ ಕೋಣೆಗೆ ಲ್ಯಾಮಿನೇಟ್ ಹಾಕಿಸಿದೆ.

ನಮ್ಮದು ಗುಡ್ಡದ ಇಳಿಜಾರಿನ ನೆಲಮಹಡಿ. ಜಂಬಿಟ್ಟಿಗೆ ಮಣ್ಣು ಮಳೆನೀರು ಹೀರಿ, ತಳಪಾಯದ ಕಡೆಗೆ ಜಿನುಗಿಸುತ್ತದೆ. ಗೋಡೆಯ ಬುಡದಲ್ಲಿ ಗಿಲಾವು ಉದುರುತ್ತಿತ್ತು. ಪ್ರತಿ ಮಳೆಗಾಲ ಅವ್ವನ ಚಾಪೆ ಎತ್ತಿದರೆ ಅಡಿಭಾಗಕ್ಕೆ ಬೂಷ್ಟು ಹಿಡಿದಿರುತ್ತಿತ್ತು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೆ. ‘ಕೆಳಗ ಹಸಿ ಐತೇನ್ರೀ?’ ಎಂದು ಬಡಗಿ ಕೇಳಿದಾಗ ‘ಇಲ್ಲ’ ಎಂದುಬಿಟ್ಟೆ. ಬೇಸಿಗೆಯ ನೆಲ ಒಣಗಿಯೇ ಇತ್ತಲ್ಲ! ತೇವ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿಸಲಿಲ್ಲ.

ಲ್ಯಾಮಿನೇಟಿನ ಒಡಲು ಒತ್ತಿ ಮಾಡಿದ ಮರದ ನಾರು. ನೀರು ಕುಡಿದರೆ ಊದುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಆಗಸ್ಟ್ ಹೊತ್ತಿಗೆ ಅಂಚುಗಳು ಎದ್ದವು, ಕೋಣೆಯೆಲ್ಲ ಮುಗ್ಗಲು ವಾಸನೆ. ಒಂದು ರಾತ್ರಿ ಎದ್ದ ಅಂಚಿಗೆ ಅವ್ವನ ಕಾಲು ಎಡವಿತು. ಮಂಚ ಕೈಗೆ ಸಿಗದಿದ್ದರೆ ಸೊಂಟದ ಮೂಳೆಯೇ ಮುರಿಯುತ್ತಿತ್ತು. ದುಡ್ಡು ಹೋದದ್ದಕ್ಕಿಂತ ಆ ರಾತ್ರಿ ಈಗಲೂ ನನ್ನನ್ನು ಕಾಡುತ್ತದೆ.

ಎಲ್ಲ ಕಿತ್ತು ಹಾಕಿಸಿದೆ. ನೆಲದ ತೇವ ತಿಳಿಯಲು ದೊಡ್ಡ ಉಪಕರಣವೇನೂ ಬೇಕಿರಲಿಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟು ನೋಡಬೇಕು. ಒಳಗೆ ಹನಿ ಕಟ್ಟಿದರೆ ಮರದ ಮಾತೇ ಬೇಡ. ಈ ಪರೀಕ್ಷೆ ಜುಲೈನಲ್ಲಿ ಆಗಬೇಕು. ನೀರಿಗೆ ಊದದ, ಕಲ್ಲಿನ ಪುಡಿ ಮತ್ತು ಪಿವಿಸಿ ಬೆರೆಸಿದ ಹಲಗೆಗಳೂ ಸಿಗುತ್ತವೆ. ಆದರೆ ಜಿನುಗು ನಿಲ್ಲಿಸದೆ ಅವನ್ನು ಹಾಕಿದರೆ ಬೂಷ್ಟು ಅವುಗಳ ಅಡಿಯಲ್ಲಿ ಬೆಳೆಯುತ್ತದೆ.

ಈಗ ಗುಡ್ಡದ ಕಡೆಯ ಗೋಡೆಯ ಹೊರಗೆ ಚರಂಡಿ ತೋಡಿಸಿದ್ದೇನೆ. ಒಳಗೆ ಹಳೆಯ ಟೈಲ್ಸ್, ಅದರ ಮೇಲೆ ನವಲಗುಂದದ ಜಮಖಾನ. ಮಳೆಗಾಲದಲ್ಲಿ ಅದನ್ನು ಆಗಾಗ ಎತ್ತಿ ಒಣಗಿಸುತ್ತೇವೆ. ಅವ್ವ ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಲು ಒಪ್ಪಿದ್ದಾಳೆ, ದೇವರ ಮನೆಯೊಂದು ಬಿಟ್ಟು.