ಅಕ್ಕನ ಚೌಕುಳಿ ವಹಿ

“ಬಲಕ್ಕ ಹೋಗಬ್ಯಾಡೋ ತಮ್ಮಾ, ಅಲ್ಲೆ ಇಬ್ಬರು ಅದಾರ.”

ಟಿ.ವಿ. ಪರದೆಯ ಬಲಗಡೆ ಯಾರೂ ಕಾಣುತ್ತಿರಲಿಲ್ಲ. ಒಂದು ಏಣಿ, ಒಂದಿಷ್ಟು ಇಟ್ಟಿಗೆ, ಬಂಗಾರದ ಒಂದು ಗಂಟು, ಅಷ್ಟೇ. ನಾನು ಹೋಗಿಯೇ ಬಿಡುತ್ತಿದ್ದೆ. ಪರದೆ ಪಕ್ಕಕ್ಕೆ ಸರಿಯುತ್ತಿದ್ದಂತೆ ಇಬ್ಬರು ಕಾವಲುಗಾರರು ಎದುರಿಗೇ ಬರುತ್ತಿದ್ದರು. ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದ ಅಕ್ಕ ತಲೆ ಎತ್ತದೆ “ಹೇಳಿದ್ನಿಲ್ಲೋ?” ಎನ್ನುತ್ತಿದ್ದಳು.

ಅದು 2008ರ ಬೇಸಿಗೆ ರಜೆ, ನಂದಗಡದ ನಮ್ಮ ಮನೆ. ನಾನು ಐದನೆಯ ತರಗತಿಗೆ ಹೋಗುವವನು, ಅಕ್ಕ ಒಂಬತ್ತನೆಯದಕ್ಕೆ. ಮದುವೆ ಬಟ್ಟೆ ಖರೀದಿಗೆಂದು ಬೆಳಗಾವಿಯ ಖಡೇಬಜಾರಿಗೆ ಹೋಗಿದ್ದ ಅಪ್ಪ, ಬರುವಾಗ ಒಂದು ಟಿ.ವಿ. ಗೇಮ್ ತಂದಿದ್ದ. ಜೊತೆಗೆ ಹಳದಿ ಬಣ್ಣದ ಒಂದು ಕ್ಯಾಸೆಟ್. ಅದರ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿತ್ತು. ಒಳಗೆ ಇದ್ದ ಕೆಲವೇ ಆಟಗಳು ಬೇರೆ ಬೇರೆ ಸಂಖ್ಯೆ ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ನಮ್ಮ ಕೈಯಲ್ಲಿದ್ದದ್ದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಗೆಳೆಯರೆಲ್ಲ ಮಾರಿಯೋ ಆಡುತ್ತಿದ್ದರೆ ಅಕ್ಕನಿಗೆ ಹಿಡಿಸಿದ್ದು ‘ಲೋಡ್ ರನ್ನರ್’. ಇದರಲ್ಲಿ ಜಿಗಿಯುವಂತಿಲ್ಲ, ಹೊಡೆಯುವಂತಿಲ್ಲ. ಏಣಿ ಹತ್ತಬೇಕು, ಹಗ್ಗಕ್ಕೆ ಜೋತುಬಿದ್ದು ದಾಟಬೇಕು, ಬೆನ್ನಟ್ಟಿ ಬಂದವರನ್ನು ಕೆಡವಲು ಎಡಕ್ಕೋ ಬಲಕ್ಕೋ ಇಟ್ಟಿಗೆ ತೋಡಿ ಗುಂಡಿ ಮಾಡಬೇಕು. ಗುಂಡಿ ಸ್ವಲ್ಪ ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ನಾವೇ ಇದ್ದರೆ ನಮ್ಮ ಕಥೆ ಮುಗಿದಂತೆ. ಬಂಗಾರವೆಲ್ಲ ಕೈಗೆ ಬಂದ ಮೇಲೆ, ಮೇಲಕ್ಕೆ ಹೋಗುವ ಏಣಿ ಮೂಡುತ್ತದೆ. ಓಟಕ್ಕಿಂತ ಲೆಕ್ಕ ಮುಖ್ಯ. ಆದರೆ ಲೆಕ್ಕ ಹಾಕೋಣವೆಂದರೆ ಪರದೆಯಲ್ಲಿ ಪೂರ್ತಿ ಹಂತ ಕಾಣುವುದಿಲ್ಲ. ಎಡಕ್ಕೆ ನಡೆದರೆ ಬಲಗಡೆಯದು ಮರೆ, ಬಲಕ್ಕೆ ನಡೆದರೆ ಎಡಗಡೆಯದು.

ಅದಕ್ಕೆ ಅಕ್ಕ ತನ್ನ ಹಳೆಯ ಗಣಿತದ ಚೌಕುಳಿ ವಹಿ ತೆಗೆದಳು. ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಅನ್ನುವುದು. ನಾನು ಆಡಿ ಆಡಿ ಸಾಯುವುದು, ಅವಳು ನೋಡಿ ಬರೆದುಕೊಳ್ಳುವುದು. ಒಂದೊಂದು ಚೌಕಕ್ಕೆ ‘ಮನಿ’ ಎನ್ನುತ್ತಿದ್ದಳು, ಚೌಕಾಬಾರದಲ್ಲಿ ಅನ್ನುವ ಹಾಗೆ. ಇಟ್ಟಿಗೆಗೆ ಗೆರೆ, ಏಣಿಗೆ ಗುಣಾಕಾರದ ಗುರುತು, ಬಂಗಾರಕ್ಕೆ ಚುಕ್ಕೆ. ಒಂದು ಹಾಳೆಗೆ ಒಂದು ಹಂತ. ರಜೆ ಮುಗಿಯುವಷ್ಟರಲ್ಲಿ 30 ಹಂತಗಳಾಗಿದ್ದವು.

ನಾವೇ ಹಂತ ಕಟ್ಟಲು ಆಟದೊಳಗೇ ‘ಎಡಿಟ್’ ಎಂಬ ಒಂದು ಭಾಗವಿತ್ತು. ಅಕ್ಕ ಅಲ್ಲಿ ಒಂದು ಮರ ಕಟ್ಟಿದಳು. ಏಣಿಗಳೇ ಬೊಡ್ಡೆ, ಅಡ್ಡ ಹಗ್ಗಗಳೇ ಕೊಂಬೆ, ಕೊಂಬೆಯ ತುದಿಗೆ ಬಂಗಾರ. ನಮ್ಮೂರಿನಲ್ಲಿ ಬೆಳೆದವರಿಗೆ ಅದು ಯಾವ ಮರವೆಂದು ಹೇಳಬೇಕಿಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಅವನ ಸಮಾಧಿಯ ಬಳಿಯ ಆಲದ ಮರ ನೋಡದ ಮಕ್ಕಳು ನಮ್ಮಲ್ಲಿಲ್ಲ. ಎರಡು ಸಂಜೆ ಕೂತು ಕಟ್ಟಿದ ಆ ಮರ, ಕರೆಂಟ್ ಹೋದದ್ದೇ ತಡ, ಅಳಿಸಿಹೋಯಿತು. ನಾನು ಅತ್ತೆ. ಅಕ್ಕ ಅಳಲಿಲ್ಲ. “ವಹಿಯಾಗ ಐತಲ್ಲ” ಅಂದಳು.

ಸಾಲೆ ಶುರುವಾದ ಮೇಲೆ ಆ ವಹಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಹುಡುಗರು ಸುತ್ತ ಮುಗಿಬಿದ್ದರು. ಯಾರು ಬರೆದದ್ದೆಂದು ಕೇಳಿದರು. “ನಾನ” ಅಂದೆ. ಒಂದೊಂದೇ ಹಾಳೆ ಹರಿದು ಗೋಲಿಗೆ, ಪೆನ್ನಿಗೆ ಕೊಟ್ಟೆ. ಒಂದು ದಿನ ಮನೆಗೆ ಬಂದ ಗೆಳೆಯನೊಬ್ಬ ಅಕ್ಕನ ಮುಂದೆಯೇ “ನಿಮ್ಮ ತಮ್ಮ ಭಾಳ ಶಾಣ್ಯಾ ಅದಾನ್ರೀ ಅಕ್ಕಾ, ಎಲ್ಲಾ ಬರದಾನ” ಅಂದ. ಅಕ್ಕ ನಕ್ಕು ಒಳಗೆ ಹೋದಳು. 31ನೆಯ ಹಂತವನ್ನು ಅವಳು ಬರೆಯಲಿಲ್ಲ. ಹತ್ತನೆಯ ತರಗತಿ ಹತ್ತಿರ ಬಂತಲ್ಲ, ಓದಿಗಾಗಿ ಬಿಟ್ಟಿರಬೇಕು ಎಂದು ನನ್ನಷ್ಟಕ್ಕೆ ನಂಬಿಕೊಂಡೆ.

ಕಳೆದ ವರ್ಷ ಒಂದು ರಾತ್ರಿ, ಪಿಎಚ್.ಡಿ. ಅಧ್ಯಾಯ ಬರೆಯಲಾಗದೆ ಕೂತಿದ್ದಾಗ ಆ ಆಟದ ನೆನಪಾಗಿ ಹುಡುಕಿದೆ. ನಾವು ಆಡಿದ್ದು ರೂಪಾಂತರ, ಮೂಲ ಬೇರೆಯೇ ಇತ್ತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಗ್ಲಸ್ ಸ್ಮಿತ್ ಆಪಲ್ 2 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಬರೆದದ್ದನ್ನು ಬ್ರೋಡರ್‌ಬಂಡ್ ಕಂಪನಿ 1983ರಲ್ಲಿ ಮಾರುಕಟ್ಟೆಗೆ ತಂದಿತ್ತು. ಅದರಲ್ಲಿ 150 ಹಂತಗಳು. ಮರುವರ್ಷ ಜಪಾನಿನ ಹಡ್ಸನ್ ಸಾಫ್ಟ್ ಅದನ್ನು ಫ್ಯಾಮಿಕಾಮ್‌ಗೆ ಒಗ್ಗಿಸಿದಾಗ ಉಳಿದದ್ದು 50.

ಹಳೆಯ ಯಂತ್ರದ ಹಾಗೆ ನಡೆದುಕೊಳ್ಳುವ ತಂತ್ರಾಂಶವೊಂದರಲ್ಲಿ ಮೂಲವನ್ನು ತೆರೆದೆ. ಮೊದಲ ಹಂತ ಬಂತು. ಅಡ್ಡಕ್ಕೆ 28 ಮನೆ, ಉದ್ದಕ್ಕೆ 16. ಇಡೀ ಹಂತ ಒಂದೇ ನೋಟಕ್ಕೆ ಸಿಕ್ಕಿತು, ಏನೂ ಪಕ್ಕಕ್ಕೆ ಸರಿಯಲಿಲ್ಲ. ಆಳುಗಳು ಇರುವೆಯಷ್ಟು. ನಾನು ಕೀಲಿ ಒತ್ತದೆ ನೋಡುತ್ತ ಕೂತೆ. ಅದು ಅಕ್ಕನ ವಹಿಯ ಹಾಳೆಯ ಹಾಗೆಯೇ ಇತ್ತು. ಸ್ಮಿತ್‌ನ ಪರದೆಯನ್ನು ಎಂದೂ ಕಾಣದ ಹುಡುಗಿ, ರೂಪಾಂತರ ಮರೆಮಾಡಿದ್ದನ್ನು ತುಣುಕು ತುಣುಕಾಗಿ ಕೂಡಿಸಿ ಮತ್ತೆ ಒಂದೇ ಹಾಳೆಗೆ ತಂದಿದ್ದಳು.

ಹಡ್ಸನ್‌ನವರು ಕೆಡಿಸಿದರು ಎನ್ನಲಾರೆ. ದೂರದಿಂದ ಟಿ.ವಿ. ನೋಡುವ ಮಕ್ಕಳಿಗಾಗಿ ಆಳುಗಳನ್ನು ದೊಡ್ಡದು ಮಾಡಿದರು; ದೊಡ್ಡದಾದ ಮೇಲೆ ಹಂತ ಪರದೆಗೆ ಹಿಡಿಸಲಿಲ್ಲ. ದೊಡ್ಡದಾದ್ದರಿಂದಲೇ ಕಾವಲುಗಾರರಿಗೆ ಮುಖವೂ ಬಂತು, ಮುಂದೆ 1985ರಲ್ಲಿ ಅದೇ ಮುಖ ‘ಬಾಂಬರ್‌ಮ್ಯಾನ್’ ಆಟದ ನಾಯಕನದಾಯಿತು. ಕಟ್ಟಿದ ಹಂತವನ್ನು ಮೂಲದಲ್ಲಿ ಫ್ಲಾಪಿಯಲ್ಲಿ ಇಡಬಹುದಿತ್ತು. ಜಪಾನಿನಲ್ಲಿ ಫ್ಯಾಮಿಕಾಮ್‌ಗೆ ಜೋಡಿಸುವ ಟೇಪ್ ರೆಕಾರ್ಡರ್ ಇತ್ತು, ಹಾಡಿನ ಕ್ಯಾಸೆಟ್ಟಿನಂಥದರಲ್ಲಿ ಉಳಿಸುತ್ತಿದ್ದರು. ನಂದಗಡದವರೆಗೆ ಆ ಪೆಟ್ಟಿಗೆ ಬರಲಿಲ್ಲ. ನಮ್ಮ ಪಾಲಿನ ಟೇಪು ಆ ವಹಿ.

ನನ್ನ ಸಂಶೋಧನೆ ಲಾವಣಿ, ಗೀಗೀ ಪದಗಳ ಪಾಠಾಂತರಗಳ ಮೇಲೆ. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯದೂ ಒಂದು. ಲಾವಣಿಕಾರರು ಕೊನೆಯ ನುಡಿಯಲ್ಲಿ ತಮ್ಮ ಊರು, ಹೆಸರು ಕೂಡಿಸುತ್ತಾರೆ. ಹಾಡುವವರು ಅದನ್ನು ಬಿಟ್ಟಾಗ “ಇದು ಯಾರ ಪದರೀ?” ಎಂದು ರೆಕಾರ್ಡರ್ ಹಿಡಿದು ಕೇಳುವುದು ನನ್ನ ಕೆಲಸ. ಆ ರಾತ್ರಿಯ ನಂತರ ಹಾಗೆ ಕೇಳುವಾಗೆಲ್ಲ ನಾಲಿಗೆ ತಡವರಿಸತೊಡಗಿತು.

ದೀಪಾವಳಿಗೆ ಅಳ್ನಾವರದ ಅಕ್ಕನ ಮನೆಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಮೂಲದ ಆಟ ತೋರಿಸಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಕೈಯ ಹಿಟ್ಟು ಒರೆಸಿಕೊಂಡು ಬಂದು ನೋಡಿದಳು.

“ಎಲ್ಲಾ ಕಾಣತೈತಲ್ಲೋ. ಹಿಂಗಾದ್ರ ಬರ್ಯಾಕ ಏನ್ ಉಳೀತು?”

ಆಗ ಹೇಳಿದೆ. “ಅಕ್ಕಾ, ಆ ವಹಿ ನಾನ ಬರದೇನಿ ಅಂತ ಸಾಲ್ಯಾಗ ಹೇಳಿದ್ದೆ. ಹಾಳಿ ಹರದು ಮಾರಿದೆ.”

“ಗೊತ್ತಿತ್ತು,” ಅಂದಳು. “ಅದಕ್ಕ ಬಿಟ್ಟೆ.”

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಎಡಿಟ್ ತೆರೆದು ನೆನಪಿದ್ದಷ್ಟು ಆಲದ ಮರ ಕಟ್ಟತೊಡಗಿದೆ. ಅವಳು ಒಲೆಯ ಕಡೆ ಹೊರಟವಳು ತಿರುಗಿ ನಿಂತಳು.

“ಅಲ್ಲಲ್ಲ, ಬಲಗಡೆ ಕೊಂಬಿ ಇನ್ನೂ ಎರಡು ಮನಿ ಆಚೆ ಹೋಗಬೇಕ. ಸರಿ ಇಲ್ಲೆ.”

ಹದಿನೈದು ವರ್ಷದ ಮೇಲೂ ಅವಳಿಗೆ ಮನೆಗಳ ಲೆಕ್ಕ ಬಾಯಿಪಾಠವಿತ್ತು. ಮರ ಮುಗಿದಾಗ ಹೊರಗೆ ಹಣತೆ ಹಚ್ಚುವ ಹೊತ್ತು. ಹಂತವನ್ನು ಉಳಿಸಿದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ.

“ಬರಿ. ಹೆಸರು ಹಾಕಬ್ಯಾಡ,” ಅಂದಳು. ಬಾಗಿಲವರೆಗೆ ಹೋಗಿ ಮತ್ತೆ ಅಂದಳು, “ಆದ್ರ ಅಕ್ಕ ಬರದಾಳ ಅಂತ ಹಾಕು.”