ಅಳತೆಗೆಟ್ಟ ಅಕ್ಷರಗಳು

ಶ್ಯಾನುಭೋಗನೊಬ್ಬನು ಕಡತದಲ್ಲಿ ಹೆಸರಿಗೆಂದು ಒಂದು ಅಂಕಣವನ್ನು ಗೆರೆಯೆಳೆದು ಬಿಟ್ಟಿರುವನೆಂದೂ, ಅದರ ಪಕ್ಕದಲ್ಲಿಯೇ ‘ಇದು ಮುಗಿದ ಮೇಲೆ ಇಂತಹ ಪುಟವನ್ನು ನೋಡತಕ್ಕದ್ದು’ ಎಂದು ಗುರುತು ಮಾಡಿಕೊಂಡಿರುವನೆಂದೂ ವಾಚಕರು ಭಾವಿಸಲಿ. ಹೇಳುವವನು ನಿಲ್ಲಿಸದೆ ಹೇಳುತ್ತ, ಬರೆಯುವವನು ಗೆರೆಯನ್ನು ನೋಡದೆ ಬರೆಯುತ್ತ ಹೋದರೆ, ಆ ಗುರುತು ಅಳಿದು ಹೇಳಿದವನ ಮಾತೇ ಅಲ್ಲಿ ನಿಲ್ಲುವುದು. ಅವನು ಜಾಣನೂ ದುಷ್ಟನೂ ಆಗಿದ್ದರೆ, ಮುಂದೆ ತೆರೆಯಬೇಕಾದ ಪುಟವನ್ನು ಅವನೇ ಗೊತ್ತುಮಾಡಿದಂತಾಯಿತು. ಗಣಕಯಂತ್ರವನ್ನು ಬಲ್ಲವರು ‘ಬಫರ್ ಓವರ್‌ಫ್ಲೋ’ ಎನ್ನುವ ದೋಷವು ಇದೇ. ಶ್ಯಾನುಭೋಗನಿಗಾದರೆ ಕಣ್ಣುಂಟು, ಯಂತ್ರಕ್ಕೆ, ಅದರ ವಿಧಿಗಳನ್ನು ಬರೆದವನು ಕೊಟ್ಟ ಕಣ್ಣಲ್ಲದೆ ಬೇರೆಯಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯ ‘ಎಸ್‌ಕ್ಯೂಎಲ್ ಸರ್ವರ್ 2000’ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, ಬಂದವರಿಗೆ ದಾರಿ ತೋರಿಸುವ ಬಾಗಿಲುಕಾಯುವವನಂತಹ ಒಂದು ಸಣ್ಣ ಅಂಗವಿತ್ತು. ಕೇಳುವವನು ಕಳುಹಿಸಿದ ಹೆಸರನ್ನು ಅದು ಉದ್ದವನ್ನಳೆಯದೆ ಬರೆದುಕೊಳ್ಳುತ್ತಿತ್ತು. ಡೇವಿಡ್ ಲಿಚ್‌ಫೀಲ್ಡ್ ಎಂಬ ಶೋಧಕನು ಇದನ್ನು ಕಂಡು ತಿಳಿಸಲು, ಸಂಸ್ಥೆಯು 2002ನೆಯ ಜುಲೈಯಲ್ಲಿ ತೇಪೆಯೊಂದನ್ನು ಹೊರಡಿಸಿತು. ಹಾಕಿಕೊಳ್ಳದವರು ಬಹು ಮಂದಿ. ಅವರೆಲ್ಲರನ್ನೂ ಸೋಮಾರಿಗಳೆನ್ನುವುದು ನ್ಯಾಯವಲ್ಲ: ಬೇರೆ ತಂತ್ರಾಂಶಗಳ ಒಡಲಲ್ಲಿ ಈ ಡೇಟಾಬೇಸು ಅಡಗಿ ಬಂದಿದ್ದುದರಿಂದ, ತಮ್ಮ ಮನೆಯಲ್ಲಿ ಅದು ಇದೆಯೆಂಬುದೇ ಅನೇಕರಿಗೆ ತಿಳಿಯದು. ತೇಪೆ ಹೊಲಿದವರ ಸ್ವಂತ ಯಂತ್ರಗಳಲ್ಲಿಯೇ ಕೆಲವಕ್ಕೆ ಅದು ಬಿದ್ದಿರಲಿಲ್ಲ!

2003ನೆಯ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಹುಳುವು ಹೊರಟಿತು. ಅದರ ಗಾತ್ರ 376 ಬೈಟುಗಳು; ಅಷ್ಟು ಅಕ್ಷರಗಳು ಒಂದು ಅಂಚೆಯ ಕಾರ್ಡಿಗೆ ಹಿಡಿದಾವು. ಉತ್ತರವನ್ನು ಕಾಯದೆ, ಸಿಕ್ಕಸಿಕ್ಕ ವಿಳಾಸಗಳಿಗೆ ತನ್ನ ಪ್ರತಿಯನ್ನು ಎಸೆಯುವುದೊಂದೇ ಅದರ ಕೆಲಸ. ಮೊದಲ ನಿಮಿಷದಲ್ಲಿ ಸುಮಾರು ಎಂಟೂವರೆ ಸೆಕೆಂಡುಗಳಿಗೊಮ್ಮೆ ಅದರ ಸಂತತಿಯು ಇಮ್ಮಡಿಯಾಯಿತು. ಹತ್ತು ನಿಮಿಷಗಳೊಳಗೆ ಲೋಕದ ದುರ್ಬಲ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತು ಅದರ ವಶವಾದವು. ಒಟ್ಟು ಕಡಿಮೆಯೆಂದರೂ 75,000. ಅದು ಯಾರ ಲೆಕ್ಕವನ್ನೂ ಅಳಿಸಲಿಲ್ಲ, ಯಾರ ಗುಟ್ಟನ್ನೂ ಕದಿಯಲಿಲ್ಲ. ದಾರಿಯನ್ನು ತುಂಬಿ ನಿಂತಿತು, ಅಷ್ಟೆ. ಅಷ್ಟಕ್ಕೇ ಅಮೆರಿಕಾ ದೇಶದ ಬ್ಯಾಂಕೊಂದರ ಸಾವಿರಾರು ಹಣದ ಯಂತ್ರಗಳು ನಿಂತುಹೋದವು. ಸಿಯಾಟಲ್ ನಗರದ ಸಮೀಪದಲ್ಲಿ ಆಪತ್ತಿನ ಕರೆಗಳನ್ನು ಕೇಳುವವರು ಕಾಗದ ಪೆನ್ಸಿಲುಗಳನ್ನು ಹಿಡಿಯಬೇಕಾಯಿತು. ಒಹಾಯೋ ಪ್ರಾಂತದ ಡೇವಿಸ್–ಬೆಸಿ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆಯ ಸ್ಥಿತಿಯನ್ನು ತೋರುವ ಫಲಕವು ಸುಮಾರು ಐದು ಗಂಟೆಗಳ ಕಾಲ ಮೂಕವಾಯಿತು. ಸ್ಥಾವರವು ಆಗ ಕೆಲಸದಲ್ಲಿರಲಿಲ್ಲವೆಂಬುದು ಪುಣ್ಯ. ಮುಂಬಾಗಿಲಲ್ಲಿ ಕಾವಲಿದ್ದರೂ, ಗುತ್ತಿಗೆದಾರನೊಬ್ಬನ ತಂತಿಯ ಮೂಲಕ ಹುಳುವು ಹಿತ್ತಲಿನಿಂದ ನುಗ್ಗಿತ್ತು.

ಯಂತ್ರವನ್ನು ಆರಿಸಿ ಹೊತ್ತಿಸಿದರೆ ಹುಳು ಸಾಯುತ್ತಿತ್ತು. ತೇಪೆಯಿಲ್ಲದಿದ್ದರೆ ಕ್ಷಣಮಾತ್ರದಲ್ಲಿ ಮತ್ತೊಂದು ಬರುತ್ತಿತ್ತು. ಅದನ್ನು ಕಟ್ಟಿದವನಾರೆಂಬುದು ಹೊರಬೀಳಲಿಲ್ಲ. ಆದರೆ ಲಿಚ್‌ಫೀಲ್ಡನು, ದೋಷವು ನಿಜವೆಂದು ತೋರಿಸಲು ತಾನು ಸಭೆಯಲ್ಲಿ ಮುಂದಿಟ್ಟಿದ್ದ ಮಾದರಿಯ ಛಾಯೆಯನ್ನು ಆ ಹುಳುವಿನಲ್ಲಿ ಗುರುತಿಸಿದನು. ಅಂತಹ ಮಾದರಿಗಳನ್ನು ಇನ್ನು ಪ್ರಕಟಿಸುವುದು ಸರಿಯೆ ಎಂದು ಬಹಿರಂಗವಾಗಿಯೇ ಕೇಳಿಕೊಂಡನು.