ಕಾಣದ ಹುಲಿಗೂ ಟಿಕೀಟು

ಕಾಮರ್ಸ್ ಓದುವವರ ಕಿವಿಗೆ ಮೊದಲ ವರ್ಷವೇ ಬೀಳುವ ಮಾತೊಂದಿದೆ: ಗಿರಾಕಿಯೇ ರಾಜ. ದುಡ್ಡು ಕೊಟ್ಟವನು ಬರಿಗೈಲಿ ಹೋಗಬಾರದು. ಕಿರಾಣಿ ಅಂಗಡಿಗೂ ಬ್ಯಾಂಕಿಗೂ ಈ ಮಾತು ಸರಿಯೇ. ಆದರೆ ಮೃಗಾಲಯ ಎಂಬ ವ್ಯವಹಾರದಲ್ಲಿ ಮಾತ್ರ ಈ ಸೂತ್ರ ಎಡವುತ್ತದೆ. ಅಲ್ಲಿ ಕೊಳ್ಳುವವನು ಒಬ್ಬ, ಮಾರುವವನು ಇನ್ನೊಬ್ಬ, ಮಾರಾಟವಾಗುವುದು ಮೂರನೆಯವನ ಮುಖದರ್ಶನ. ಆ ಮೂರನೆಯವನನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಹೋದ ವರ್ಷ ದೀಪಾವಳಿ ಸೂಟಿಯಲ್ಲಿ ಸಿಂದಗಿಯಿಂದ ನಮ್ಮ ಕಾಕಾ ಇಬ್ಬರು ಮಕ್ಕಳನ್ನು ಕರಕೊಂಡು ಮುಂಬಯಿಗೆ ಬಂದಿದ್ದರು. ಅವರನ್ನು ಪ್ರಾಣಿ ತೋರಿಸಲು ಕರಕೊಂಡು ಹೋದವನು ನಾನು. (ಯಾವ ಮೃಗಾಲಯ ಎಂದು ಕೇಳಬೇಡಿ, ಎಲ್ಲ ಕಡೆಯೂ ಇದೇ ಕಥೆ.) ನಡುಮಧ್ಯಾಹ್ನ. ಹುಲಿಯ ಆವರಣದ ಮುಂದೆ ಅರ್ಧ ತಾಸು ನಿಂತೆವು. ಹುಲ್ಲು, ಬಿದಿರು, ಒಂದು ನೀರಿನ ಹೊಂಡ. ಹುಲಿ ಮಾತ್ರ ಇಲ್ಲ. ಚಿಕ್ಕವಳು ಅಳುವ ಹಾಗಾದಳು. ಕಾಕಾ ನನ್ನ ಕಡೆ ತಿರುಗಿ, "ತಮ್ಮಾ, ರೊಕ್ಕ ಕೊಟ್ಟು ಗಿಡ ನೋಡಾಕ ಇಲ್ಲೀತನಕಾ ಬರಬೇಕಾಗಿತ್ತೇನು? ಗಿಡ ನಮ್ಮ ಹೊಲದಾಗ ಇಲ್ಲೇನು?" ಅಂದರು. ಪಕ್ಕದಲ್ಲಿದ್ದ ನಾಲ್ಕು ಜನ ಗಾಜಿಗೆ ಬಡಿದರು, ಸೀಟಿ ಹೊಡೆದರು. ಬಿದಿರಿನ ಹಿಂದೆ ಬಾಲದ ತುದಿಯೊಂದು ಒಮ್ಮೆ ಅಲ್ಲಾಡಿತು, ಅಷ್ಟೇ.

ಕಾಕಾನ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು, ಮಕ್ಕಳಿಗೆ ಹುಲಿ ತೋರಿಸ್ತೀನಿ ಅಂತ ಮಾತು ಕೊಟ್ಟವರು. "ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡಿ" ಎನ್ನುವುದು, ಬಂಡೀಪುರಕ್ಕೋ ಕಬಿನಿಗೋ ಹೋಗಿ ಜೀಪಿನಲ್ಲಿ ಕೂತು ಹುಲಿ ನೋಡಿ ಬರುವವರಿಗೆ ಸುಲಭ. ಹೊಲದಲ್ಲಿ ದುಡಿಯುವವರ, ಗಾರೆ ಕೆಲಸದವರ ಮಕ್ಕಳಿಗೆ ಪಟ್ಟಣದ ಮೃಗಾಲಯವೇ ಕಾಡು. ಆ ಆಸೆಗೂ ಬೆಲೆ ಇದೆ. ಆದರೆ ಅದನ್ನು ತೀರಿಸುವ ಲೆಕ್ಕ ಯಾರ ಖಾತೆಗೆ ಬೀಳುತ್ತದೆ?

ನಮ್ಮ ಭಾಯ್ಖಳಾದ ರಾಣಿಬಾಗ್ ನೋಡಿ. 1862ರಲ್ಲಿ ತೆರೆದ ಉದ್ಯಾನ. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಿಂದ ಅಲ್ಲಿಗೆ 8 ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಇವುಗಳ ತವರು ಪೆರು ಮತ್ತು ಚಿಲಿ ದೇಶಗಳ ಕರಾವಳಿ. ಮುಂಬಯಿಯ ಸೆಕೆಯಲ್ಲಿ ಇವುಗಳಿಗೆ 16ರಿಂದ 18 ಡಿಗ್ರಿ ತಂಪು ಹಗಲೂ ರಾತ್ರಿ ಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ಹಕ್ಕಿ ಸತ್ತಿತು. 2017ರ ಮಾರ್ಚಿನಲ್ಲಿ ಜನರಿಗೆ ಬಾಗಿಲು ತೆರೆಯಿತು, ಜನ ಮುಗಿಬಿದ್ದರು. ಆಗಸ್ಟಿನಲ್ಲಿ 5 ರೂಪಾಯಿಯ ಟಿಕೀಟು 50 ಆಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 2021ರಲ್ಲಿ ಅಲ್ಲಿ ಪೆಂಗ್ವಿನ್ ಮರಿಗಳು ಹುಟ್ಟಿ ಬದುಕಿದವು. ಹಾಗಾಗಿ ಇದನ್ನು ಬರೀ ನಷ್ಟದ ಬಾಬು ಎನ್ನಲಾರೆ. ನಾನು ಹೇಳುವುದಿಷ್ಟೇ: ಗೇಟಿನಲ್ಲಿ ಬಂದ ಹಣ ಪುಸ್ತಕದಲ್ಲಿ ಜಮಾ ಆಗುತ್ತದೆ. ಹಕ್ಕಿಗೆ ಹೇಗಿತ್ತು ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರವೆಂದು ತಿಳಿಯಬೇಡಿ. 1934ರಲ್ಲಿ ಲಂಡನ್ ಮೃಗಾಲಯದಲ್ಲಿ ಲುಬೆಟ್ಕಿನ್ ಎಂಬ ವಾಸ್ತುಶಿಲ್ಪಿ ಪೆಂಗ್ವಿನ್‌ಗಳಿಗೆ ಕಾಂಕ್ರೀಟಿನ ಕೊಳ ಕಟ್ಟಿದ. ರಿಬ್ಬನ್ನಿನ ಹಾಗೆ ಒಂದನ್ನೊಂದು ಸುತ್ತಿ ಇಳಿಯುವ ಎರಡು ಇಳಿಜಾರುಗಳು, ಅವುಗಳ ಮೇಲೆ ಹಕ್ಕಿಗಳ ಮೆರವಣಿಗೆ. ಲೋಕವೆಲ್ಲ ಹೊಗಳಿತು. ಗಟ್ಟಿ ಕಾಂಕ್ರೀಟಿನ ಮೇಲೆ ನಡೆದು ಹಕ್ಕಿಗಳ ಅಂಗಾಲು ಕೆಟ್ಟಿತೆಂಬ ದೂರು ಆಮೇಲಿನದು. 2004ರಲ್ಲಿ ಅವುಗಳನ್ನು ಬೇರೆ ಕಡೆಗೆ ಸಾಗಿಸಿದರು. ಕಟ್ಟಡ ಮಾತ್ರ ಸಂರಕ್ಷಿತ ಸ್ಮಾರಕವಾಗಿ ನಿಂತಿದೆ. ನೋಡುವವನ ಕಣ್ಣಿಗೆ ಕಟ್ಟಿದ್ದು ನೋಡುವವನಿಗೇ ಉಳಿಯಿತು.

ಅದಕ್ಕೂ ಮುಂಚೆ, 1907ರಲ್ಲಿ, ಜರ್ಮನಿಯ ಹ್ಯಾಂಬರ್ಗಿನ ಹತ್ತಿರ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿವ್ಯಾಪಾರಿ ಕಬ್ಬಿಣದ ಸರಳುಗಳನ್ನು ಕಿತ್ತುಹಾಕಿ ಕಂದಕ ತೋಡಿದ. ಯಾವ ಪ್ರಾಣಿ ಎಷ್ಟು ದೂರ ಹಾರಬಲ್ಲದು ಎಂದು ಅಳೆದು ಕಂದಕದ ಅಗಲ ಗೊತ್ತು ಮಾಡಿದ. ನೋಡುವವನಿಗೆ ಸಿಂಹ ಬಯಲಲ್ಲೇ ಇದ್ದಂತೆ ಕಂಡಿತು. ಸಿಂಹಕ್ಕೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವನು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್. 1942ರ ತನ್ನ ಪುಸ್ತಕದಲ್ಲಿ ಅವನು ಪ್ರಾಣಿಯ ಕಡೆಯಿಂದ ಲೆಕ್ಕ ಹಾಕಿದ. ಮನುಷ್ಯ ಹತ್ತಿರ ಬಂದಾಗ ಪ್ರತಿ ಪ್ರಾಣಿಯೂ ಒಂದು ಅಂತರದಲ್ಲಿ ಓಡಲು ಶುರುಮಾಡುತ್ತದೆ. ಅಷ್ಟು ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಆವರಣ ಎಷ್ಟು ಚೆಂದವಿದ್ದರೂ ಅದು ಪ್ರಾಣಿಗೆ ಯಾತನೆ.

ಇಷ್ಟು ಓದಿದಾಗ ನನಗೆ ನಮ್ಮ ಖೋಲಿ ನೆನಪಾಯಿತು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ನಾವು ಆರು ಜನ. ಅಕ್ಕ ಹನ್ನೆರಡನೇ ಈಯತ್ತೆಯಲ್ಲಿದ್ದಾಗ ಅವ್ವನ ಹಳೇ ಸೀರೆಯೊಂದನ್ನು ಮೂಲೆಗೆ ಅಡ್ಡ ಕಟ್ಟಿಕೊಂಡಳು. ಸೀರೆಯಿಂದ ಸದ್ದೇನೂ ನಿಲ್ಲಲಿಲ್ಲ, ಜಾಗವೂ ಹೆಚ್ಚಲಿಲ್ಲ. ಆದರೆ ಅದನ್ನು ಸರಿಸುವುದು, ಬಿಡುವುದು ಅವಳ ಕೈಯಲ್ಲಿತ್ತು. ಅಲ್ಲಿಯವರೆಗೆ ಮಾತುಮಾತಿಗೆ ಸಿಡುಕುತ್ತಿದ್ದವಳು ಸೀರೆ ಕಟ್ಟಿದ ಮೇಲೆ ತಾನಾಗಿಯೇ ಹೊರಗೆ ಬಂದು ನಮ್ಮ ಜೊತೆ ಕೂತು ನಗತೊಡಗಿದಳು.

ಮನುಷ್ಯರ ಮಾತು ಪ್ರಾಣಿಗೆ ಹಚ್ಚಬೇಡ ಎನ್ನುವವರಿಗೆ ಒಂದು ಉದಾಹರಣೆ. ಷಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ ಎರಡು ಹಿಮಕರಡಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಜನ ನೋಡುವ ಆವರಣದಿಂದ ಜನರಿಗೆ ಕಾಣದ ಒಳಕೋಣೆಗೆ ಹೋಗುವ ಬಾಗಿಲನ್ನು ತೆರೆದಿಟ್ಟರು. ಹೋಗಲೇಬೇಕೆಂದಿಲ್ಲ, ಬೇಕಾದರೆ ಹೋಗಬಹುದು. ಒಂದೇ ದಾರಿಯಲ್ಲಿ ಹಿಂದೆ ಮುಂದೆ ತಿರುಗುವ ಹುಚ್ಚುನಡಿಗೆ ಕಡಿಮೆಯಾಯಿತು. ಎರಡೂ ಜೊತೆಗೂಡಿ ಆಡುವುದು ಹೆಚ್ಚಿತು. ಸದಾ ಕಣ್ಣೆದುರಿಗಿದ್ದು ತಲೆ ಆಡಿಸುತ್ತಾ ತಿರುಗುವ ಕರಡಿಯನ್ನು ಮಗುವಿಗೆ ತೋರಿಸಿ ನಾವು ಕಲಿಸುವುದಾದರೂ ಏನು? ಆಟವಾಡುವ ಕರಡಿ ಐದೇ ನಿಮಿಷ ಕಂಡರೂ ಮಗು ಜನ್ಮವಿಡೀ ನೆನೆಯುತ್ತದೆ.

ಅಂದಮೇಲೆ ನೋಡುವವನ ಲಾಭ, ಪ್ರಾಣಿಯ ಲಾಭ ಎಲ್ಲ ಸಲವೂ ಎದುರುಬದುರು ನಿಲ್ಲಬೇಕಿಲ್ಲ. ಆವರಣವನ್ನು ನಾಲ್ಕೂ ಕಡೆಯಿಂದ ನೋಡಲು ಬಿಡದೆ ಒಂದೆರಡು ಕಿಂಡಿಗಳನ್ನಷ್ಟೇ ಇಟ್ಟರೆ ಪ್ರಾಣಿಗೆ ಬೆನ್ನು ತಿರುಗಿಸಲು ಜಾಗ ಸಿಗುತ್ತದೆ. ಕಿಂಡಿಯ ಹತ್ತಿರವೇ ಒಳ್ಳೆ ನೆರಳು, ತಂಪು ಬಂಡೆ, ಚಳಿ ದೇಶದಲ್ಲಾದರೆ ಬಿಸಿ ಬಂಡೆ ಇಟ್ಟರೆ ಅದು ತಾನಾಗಿಯೇ ಬಂದು ಮಲಗುತ್ತದೆ. ಜನ ನಿಲ್ಲುವ ಕಡೆಗೂ ಗಿಡ ನೆಟ್ಟರೆ ಗದ್ದಲ ತಗ್ಗುತ್ತದೆ. ಆಹಾರವನ್ನು ಒಂದೇ ಕಡೆ ಸುರಿಯದೆ ಅಲ್ಲಲ್ಲಿ ಅಡಗಿಸಿಟ್ಟರೆ ಅದಕ್ಕೆ ಹುಡುಕುವ ಕೆಲಸ, ನಮಗೆ ನೋಡುವ ಸೊಗಸು.

ಜಾಗ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಮದರಾಸಿನ ಮೃಗಾಲಯ ಊರ ನಡುವಿನ ಇಕ್ಕಟ್ಟಿನಿಂದ ವಂಡಲೂರಿಗೆ ಹೋಗಿ 1985ರಲ್ಲಿ ಸುಮಾರು 600 ಹೆಕ್ಟೇರಿನಲ್ಲಿ ಬಾಗಿಲು ತೆರೆಯಿತು. ಮುಂಬಯಿಯಲ್ಲಿ ಅಷ್ಟು ಜಾಗ ಕನಸಿನ ಮಾತು. ಹಾಗಾದರೆ ಇದ್ದ ಜಾಗದಲ್ಲಿ ಕಡಿಮೆ ಜಾತಿಯ ಪ್ರಾಣಿಗಳು, ಅದರಲ್ಲೂ ನಮ್ಮ ಹವೆಗೆ ಒಗ್ಗುವಂಥವು ಇರಲಿ. ಐವತ್ತು ಬಗೆಯ ಸರಕು ತುಂಬಿ ಕಾಲಿಡಲು ಜಾಗವಿಲ್ಲದ ಅಂಗಡಿ ವ್ಯಾಪಾರದ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಇನ್ನು ದುಡ್ಡು. 1892ರಲ್ಲಿ ಹುಟ್ಟಿದ ನಮ್ಮ ಮೈಸೂರಿನ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಜನ ಹಣ ಕಟ್ಟಿ ಒಂದು ಪ್ರಾಣಿಯ ಪೋಷಣೆಯ ಖರ್ಚು ಹೊರುತ್ತಾರೆ. ಎದುರಿಗೆ ಬಂದು ನಿಲ್ಲಬೇಕೆಂಬ ಶರತ್ತು ಅದಕ್ಕಿಲ್ಲ. ಕಾಣದ ಹುಲಿಗೂ ದುಡ್ಡು ಕೊಡುವ ಜನ ಇದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ದೇಶದ ನಿಯಮದಲ್ಲಿ ಮೃಗಾಲಯಕ್ಕೆ ವಾರಕ್ಕೊಂದು ದಿನ ಸೂಟಿ ಇದೆ. ರಾಣಿಬಾಗಿಗೆ ಅದು ಬುಧವಾರ. ನಮ್ಮ ಕಣ್ಣಿನಿಂದ ಪ್ರಾಣಿಗೆ ಬಿಡುವು ಬೇಕು ಎಂಬುದನ್ನು ಕಾನೂನೇ ಒಪ್ಪಿದ ಹಾಗಾಯಿತು. ಉಳಿದ ಆರು ದಿನವೂ ನಡುಹಗಲಿನಲ್ಲಿ ಒಂದು ಪೊದೆಯಷ್ಟು ಬಿಡುವು ಕೊಟ್ಟರೆ ಏನು ಹೋಯಿತು? ಹುಲಿ ಹೆಚ್ಚಾಗಿ ತಿರುಗುವುದು ಮುಂಜಾನೆ, ಸಂಜೆ. ಮಧ್ಯಾಹ್ನ ಬಂದು ನಿರಾಶರಾದವರನ್ನು ಅದೇ ಟಿಕೀಟಿನ ಮೇಲೆ ಸಂಜೆ ಮತ್ತೊಮ್ಮೆ ಒಳಗೆ ಬಿಡಲಿ. ಇದಕ್ಕೆ ಬಂಡವಾಳವೇನೂ ಬೇಕಿಲ್ಲ. ಜೊತೆಗೆ ದೊಡ್ಡ ಅಕ್ಷರದ ಒಂದು ಬೋರ್ಡು: "ಹುಲಿ ಒಳಗಿದೆ, ಮಲಗಿದೆ. ಗಾಜು ಬಡಿಯಬೇಡಿ. ಸಂಜೆ ಬನ್ನಿ."

ಇದನ್ನು ಒಪ್ಪದ ಮಿತ್ರರು ನಮ್ಮ ಬಳಗದಲ್ಲಿ ಇದ್ದಾರೆಂದು ಬಲ್ಲೆ. ಅವರು ಮುಂದಿನ ಸಂಚಿಕೆಗೆ ಬರೆಯಲಿ. ಆದರೆ ಬರೆಯುವ ಮುನ್ನ ಒಮ್ಮೆ ಯಾವುದಾದರೂ ಆವರಣದ ಮುಂದೆ ಗಡಿಯಾರ ನೋಡಿ ಹತ್ತು ನಿಮಿಷ ಸುಮ್ಮನೆ ನಿಂತು ಬರಲಿ.